ಓಡಿದ್ದು ತಟ್ಟೆಯಲ್ಲ, ವಿಮಾನ

ಮಾನ್ಯರೇ,

ಅಮೆರಿಕದ ಯುದ್ಧವಿಮಾನದಿಂದ 2015ರಲ್ಲಿ ತೆಗೆದ ‘ಹಾರುವ ತಟ್ಟೆ’ ವಿಡಿಯೊ ಮೊನ್ನೆ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಸಮುದ್ರದ ಮೇಲೆ ಚುಕ್ಕೆಯೊಂದು ಬಾಣದ ಹಾಗೆ ಹೋಗುತ್ತದೆ. ನಮ್ಮತ್ತೆ ಅಂತೂ ಕೈ ಮುಗಿದೇಬಿಟ್ಟರು!

ನಾಸಾ ತಂಡ 2023ರಲ್ಲಿ ಲೆಕ್ಕ ಹಾಕಿ ನೋಡಿದರೆ, ಅದು ನೀರಿನ ಹತ್ತಿರ ಇರಲೇ ಇಲ್ಲ. ಸುಮಾರು 13,000 ಅಡಿ ಮೇಲಿತ್ತು. ವೇಗ ಗಂಟೆಗೆ 64 ಕಿ.ಮೀ. ಆಸುಪಾಸು, ನಮ್ಮ ಮೈಸೂರು ಬಸ್ಸಿನಷ್ಟು. ಜೋರಾಗಿ ಓಡುತ್ತಿದ್ದದ್ದು ವಿಮಾನ. ಮಂಡ್ಯದಿಂದ ರೈಲಿನಲ್ಲಿ ಹೋಗುವಾಗ ಶ್ರೀರಂಗಪಟ್ಟಣದ ಹತ್ತಿರ ಗದ್ದೆ ಬದುವಿನ ತೆಂಗಿನಮರ ಹಿಂದಕ್ಕೆ ಓಡುತ್ತದೆ, ದೂರದ ಕರಿಘಟ್ಟ ಬೆಟ್ಟ ಮಾತ್ರ ನಿಂತೇ ಇರುತ್ತದೆ, ಅಲ್ವಾ? ಅದೇ ಆಟ: ಇಲ್ಲಿ ಚುಕ್ಕೆಯೇ ತೆಂಗಿನಮರ, ಕೆಳಗಿನ ಸಮುದ್ರವೇ ಕರಿಘಟ್ಟ.

ನಮ್ಮವರಿಗೂ ಹೀಗೇ ಆಗಿತ್ತು. 2012–13ರಲ್ಲಿ ಲಡಾಖ್ ಗಡಿಯ ಸೈನಿಕರು ಚೀನಾದ ಡ್ರೋನ್ ಅಂದುಕೊಂಡು ತಿಂಗಳುಗಟ್ಟಲೆ ಬೆಳಕುಗಳನ್ನು ಕಾದರು. ಗ್ರಹ, ತಾರೆಗಳನ್ನು ಅಧ್ಯಯನ ಮಾಡುವ ಬೆಂಗಳೂರಿನ ಖಭೌತ ಸಂಸ್ಥೆಯವರು ನೋಡಿದಾಗ ಅವು ಗುರು, ಶುಕ್ರ ಗ್ರಹಗಳು! ಸೈನಿಕರನ್ನು ನೋಡಿ ನಗಬೇಡಿ, ಆ ಚಳಿಯಲ್ಲಿ ರಾತ್ರಿಯಿಡೀ ಕಣ್ಣು ನೆಟ್ಟರೆ ಯಾರಿಗಾದರೂ ಹಾಗೇ ಕಾಣುತ್ತದೆ.

ಪತ್ರಿಕೆಗಳಲ್ಲಿ ತಟ್ಟೆ ಕಂಡ ಸುದ್ದಿಗೆ ದಪ್ಪಕ್ಷರದ ತಲೆಬರಹ. ಗುಟ್ಟು ಬಯಲಾದಾಗ ಮೂಲೆಯಲ್ಲಿ ನಾಲ್ಕು ಸಾಲು. ಅದಕ್ಕೂ ಸ್ವಲ್ಪ ಜಾಗ ಜಾಸ್ತಿ ಕೊಡಿ.

– ಓದುಗ, ಮಂಡ್ಯ