ಹೈಡ್ರೋಪೋನಿಕ್ಸ್: ನೀರಿನ ಲೆಕ್ಕ ಸರಿ, ಕರೆಂಟಿನ ಲೆಕ್ಕ ಎಲ್ಲಿ?

ಮಾನ್ಯರೇ,

ಹೈಡ್ರೋಪೋನಿಕ್ಸ್, ಅಂದರೆ ಪೋಷಕಾಂಶ ಬೆರೆಸಿದ ನೀರಿನಲ್ಲೇ ಗಿಡ ಬೆಳೆಸುವ ಮಣ್ಣಿಲ್ಲದ ಕೃಷಿಯನ್ನು ಹೊಗಳುವವರು ನೀರಿನ ಉಳಿತಾಯದಲ್ಲೇ ನಿಂತುಬಿಡುತ್ತಾರೆ. ನೀರು ಉಳಿಯುವುದು ನಿಜ. ಆದರೆ ಹೊಲದಲ್ಲಿ ಮಣ್ಣು ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಇಲ್ಲಿ ದಿನವೂ ದುಡ್ಡು ಸುರಿಯಬೇಕು. ಈ ಪೋಷಕಾಂಶದ ದ್ರಾವಣದ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5ರೊಳಗೇ ಇರಬೇಕು, 7 ದಾಟಿತೋ, ಕಬ್ಬಿಣಾಂಶ ಬೇರಿಗೆ ದಕ್ಕದೆ ಎಳೆ ಎಲೆ ಹಳದಿಯಾಗುತ್ತದೆ. ತೆಳುವಾಗಿ ನೀರು ಹರಿಯುವ ಪೈಪಿನ ಪದ್ಧತಿಯಲ್ಲಿ ಕರೆಂಟು ಹೋಗಿ ಪಂಪ್ ನಿಂತರೆ, ಸುಡುಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಗಿಡ ಬಾಡುತ್ತದೆ. ದ್ರಾವಣ 25 ಡಿಗ್ರಿ ಸೆಲ್ಸಿಯಸ್ ಮೀರಿದಂತೆ ಆಮ್ಲಜನಕ ಕುಗ್ಗಿ, ಬಿಳಿ ಬೇರು ಕಂದುಗಟ್ಟಿ ಲೋಳೆಯಾಗುತ್ತದೆ. ಒಂದೇ ತೊಟ್ಟಿಯ ನೀರು ಸುತ್ತುವುದರಿಂದ ಬೇರು ಕೊಳೆಸುವ ಪಿಥಿಯಂ ರೋಗ ಎಲ್ಲ ಸಾಲಿಗೂ ಹಬ್ಬಬಹುದು. ಹಾಗಾಗಿ ಕರೆಂಟು, ಬದಲಿ ಪಂಪು, ದ್ರಾವಣ ತಣಿಸುವ ಚಿಲ್ಲರ್, ಪಾಲಿಹೌಸ್ ಹೊದಿಕೆ, ಸಲಕರಣೆಗಳ ಸವಕಳಿ, ಸಾಲದ ಬಡ್ಡಿ ಎಲ್ಲ ಸೇರಿಸಿಯೇ ಕಿಲೋ ಬೆಳೆಗೆ ತಗಲುವ ಖರ್ಚಿನ ಲೆಕ್ಕ ಹಾಕಬೇಕು. ಬೇಗ ಕೊಯ್ಲಿಗೆ ಬರುವ ಸೊಪ್ಪಿಗೆ ಈ ಖರ್ಚು ಗಿಟ್ಟೀತು. ಗೋಧಿ, ಜೋಳಕ್ಕಂತೂ ಗಿಟ್ಟದು.