ಸಂಜೆ ಆರಕ್ಕೆ ಓದಿ ಹೇಳಿದವರಿಗೆ

ಹೋದ ಶುಕ್ರವಾರ ಬೆಂಗಳೂರಿನಲ್ಲಿ ಒಂದು ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವ ಪಂಚಾಯ್ತಿ) ವಿಚಾರಣೆಗೆ ಕೂತಿದ್ದೆ. ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದರ ತನಕ, ಮಧ್ಯೆ ಊಟಕ್ಕೆ ಬಿಟ್ಟಿದ್ದು ಬಿಟ್ಟರೆ, ವಕೀಲರು ಕೇಳಿದ್ದು ಸಾಕ್ಷಿ ಹೇಳಿದ್ದು ಎಲ್ಲವನ್ನೂ ಮಾತಿಗೆ ಮಾತು ಮೆಷಿನ್ ಶಾರ್ಟ್‌ಹ್ಯಾಂಡಿನಲ್ಲಿ ಇಳಿಸಿದೆ. ಒಬ್ಬಳೇ. ಇಡೀ ದಿನ ಒಬ್ಬಳೇ ಕೂತಿದ್ದು ಇದೇ ಮೊದಲು. ರಾತ್ರಿ ರೈಲಿನಲ್ಲಿ ರಾಯಚೂರಿಗೆ ವಾಪಸ್ ಬರುವಾಗ ನಿದ್ದೆ ಹತ್ತಲಿಲ್ಲ. ಯಾರ್ಯಾರ ಋಣ ಇದೆ ಅಂತ ಲೆಕ್ಕ ಹಾಕುತ್ತಾ ಕೂತೆ.

ಇದೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಸಾಕ್ಷಿ ಹೇಳಿದ್ದನ್ನು ಜಡ್ಜ್ ಸಾಹೇಬರು ಡಿಕ್ಟೇಟ್ ಮಾಡುತ್ತಾರೆ, ಟೈಪಿಸ್ಟ್ ಹೊಡೆಯುತ್ತಾರೆ. ಅಮೆರಿಕದ ಎಷ್ಟೋ ಕೋರ್ಟುಗಳಲ್ಲಿ ಪ್ರಶ್ನೆ, ಉತ್ತರ ಎರಡೂ ಬಾಯಿಂದ ಬಂದ ಹಾಗೇ ದಾಖಲಾಗಬೇಕು. ಅದಕ್ಕೆ 22 ಕೀ ಇರುವ ಸಣ್ಣ ಮೆಷಿನ್. ಹಾರ್ಮೋನಿಯಂ ನುಡಿಸಿದ ಹಾಗೆ ಹಲವು ಕೀ ಒಟ್ಟಿಗೆ ಒತ್ತಬೇಕು, ಒಂದು ಒತ್ತಿಗೆ ಒಂದು ಉಚ್ಚಾರ ಮೂಡುತ್ತದೆ. ಅಲ್ಲಿಯ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಸಾಕ್ಷಿಯ ಪ್ರಶ್ನೋತ್ತರ ನಿಮಿಷಕ್ಕೆ 225 ಪದದ ವೇಗದಲ್ಲಿರುತ್ತದೆ. ನಮ್ಮಲ್ಲಿ ಕೆಲವು ಆರ್ಬಿಟ್ರೇಷನ್‌ಗಳಿಗೆ ಇಂಥ ರಿಪೋರ್ಟರುಗಳನ್ನು ಕರೆಸುತ್ತಾರೆ.

ಮೊದಲ ನಮಸ್ಕಾರ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಸರ್‌ಗೆ. ಪಿಯುಸಿ ಆದಮೇಲೆ ಅವರ ಹತ್ತಿರ ಪೆನ್ಸಿಲ್ ಶಾರ್ಟ್‌ಹ್ಯಾಂಡ್ ಕಲಿತೆ, ಅದೇ ಬಲದ ಮೇಲೆ ಕೋರ್ಟ್ ಎದುರಿನ ಅಂಗಡಿಯಲ್ಲಿ ಒಂಬತ್ತು ವರ್ಷ ಜಾಬ್ ಟೈಪಿಂಗ್ ಮಾಡಿದೆ. ಈ ಮೆಷಿನ್ನನ್ನು ಸರ್ ಕಣ್ಣಲ್ಲಿ ಕಂಡವರಲ್ಲ. ಆದರೂ ನಾನು ಪ್ರಿಂಟ್ ತೆಗೆಸಿಕೊಂಡು ಹೋದ ಕೀಗಳ ಚಿತ್ರವನ್ನು ಟೇಬಲ್ ಮೇಲೆ ಹರಡಿಕೊಂಡು ಬಹಳ ಹೊತ್ತು ಮಾತಾಡದೆ ನೋಡಿದರು. ಎಡಗಡೆ ವ್ಯಂಜನ, ಹೆಬ್ಬೆರಳುಗಳಿಗೆ ಸ್ವರ, ಬಲಗಡೆ ಮತ್ತೆ ವ್ಯಂಜನ. ಎಡಗಡೆ ಡಿ ಅನ್ನೋ ಕೀಯೇ ಇಲ್ಲ, ಟಿ ಮತ್ತು ಕೆ ಒಟ್ಟಿಗೆ ಒತ್ತಿದರೆ ಡಿ. ಎನ್ ಬೇಕಾದರೆ ಟಿ, ಪಿ, ಹೆಚ್ ಮೂರೂ. ಇದನ್ನು ನೋಡಿಯೇ ನನಗೆ ಕೈಕಾಲು ತಣ್ಣಗಾಗಿತ್ತು. ಸರ್ ಪೆನ್ಸಿಲ್ ತಗೊಂಡು ಚಿತ್ರದ ಅಂಚಿನಲ್ಲಿ ದೊಡ್ಡದಾಗಿ ‘ಸ್ತ್ರೀ’ ಅಂತ ಬರೆದರು. “ಸ, ತ, ರ, ಈ. ನಾಲ್ಕು ಸದ್ದು ಅದಾವು, ಅಕ್ಷರ ಮಾತ್ರ ಒಂದೇ. ಒಂದನೇತ್ತಿ ಹುಡುಗ್ರು ಕಲೀತಾವವ್ವ ಇದನ್ನ, ನಿನಗ್ಯಾಕ ಬರಂಗಿಲ್ಲ?” ಅಂದರು. ಮನೆಗೆ ಬಂದು ಎಡಗೈಯಲ್ಲಿ ಎಸ್-ಟಿ-ಆರ್, ಹೆಬ್ಬೆರಳುಗಳಲ್ಲಿ ಎ-ಓ-ಇ, ಬಲಗೈಯಲ್ಲಿ ಟಿ, ಎಲ್ಲವನ್ನೂ ಒಟ್ಟಿಗೆ ಒತ್ತಿದೆ. ಪರದೆ ಮೇಲೆ ‘ಸ್ಟ್ರೀಟ್’ ಅಂತ ಇಂಗ್ಲಿಷಿನಲ್ಲಿ ಬಂತು. ಅವತ್ತಿನಿಂದ ಅದು ನನಗೆ ಒತ್ತಕ್ಷರವೇ.

ಅಸಲಿ ಮೆಷಿನ್‌ಗೆ ಲಕ್ಷಗಟ್ಟಲೆ ಬೇಕು. ನಾನು ಕಲಿತಿದ್ದು ಪ್ಲೋವರ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ, ಅದಿದ್ದರೆ ಕಂಪ್ಯೂಟರ್ ಕೀಬೋರ್ಡನ್ನೇ ಆ ಮೆಷಿನ್ ಹಾಗೆ ಬಳಸಬಹುದು. ನ್ಯೂಯಾರ್ಕಿನಲ್ಲಿ ಕಿವಿ ಕೇಳದ ವಿದ್ಯಾರ್ಥಿಗಳಿಗೆ ಕ್ಯಾಪ್ಶನ್ ಬರೆಯುತ್ತಿದ್ದ ಮಿರಾಬಾಯಿ ನೈಟ್ ಅದನ್ನು ಶುರು ಮಾಡಿದರು. ಅವರಿಗೆ ನಾನ್ಯಾರು ಅಂತ ಗೊತ್ತೇ ಇಲ್ಲ, ಆದರೂ ಕೈಮುಗಿಯುತ್ತೇನೆ. ಸಾದಾ ಕೀಬೋರ್ಡ್ ಇಷ್ಟೊಂದು ಕೀ ಒಮ್ಮೆಲೇ ಹಿಡಿಯೋದಿಲ್ಲ, ಅದಕ್ಕೆ ಗೇಮ್ ಆಡುವವರು ಬಳಸುವ ಕೀಬೋರ್ಡನ್ನು ನನ್ನ ತಮ್ಮ ಕೊಡಿಸಿದ.

ನಿಮಿಷಕ್ಕೆ 140 ಪದಕ್ಕೆ ಬಂದು ನಿಂತೆ. ಐದು ತಿಂಗಳು ಅಲ್ಲಿಂದ ಮೇಲೆ ಏಳಲಿಲ್ಲ. ಮಗಳಿಗೆ ಜ್ವರ, ಮಣಿಕಟ್ಟು ನೋವು, ಸಂಜೆಯ ಅಡುಗೆ. ಒಂದು ದಿನ ಕೀಬೋರ್ಡನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟೆ. ವಾರ ಆದಮೇಲೆ ಇಳಿಸಿದವರು ನಮ್ಮತ್ತೆ. ಅವರಿಗೆ ಓದು ಬರಹ ಬರೋದಿಲ್ಲ. “ರೊಟ್ಟಿ ನಾ ಬಡೀತೀನಿ, ನೀ ಹೋಗಿ ಕುಂದ್ರು” ಅಂದರು, ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆಯ ಸಂಜೆ ರೊಟ್ಟಿ ಅವರದೇ. ಅತ್ತೆ, ಇದನ್ನು ಮಗಳ ಕೈಲಿ ನಿಮಗೆ ಓದಿಸ್ತೀನಿ.

ಇನ್ನು ಪಕ್ಕದ ಮನೆಯ ಚಾಚಾ. ಅವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ನನಗೆ ಸಿಗುತ್ತಿದ್ದ ಡಿಕ್ಟೇಷನ್ ಎಲ್ಲ ಅಮೆರಿಕದವರ ದನಿ, ನಮ್ಮ ವಕೀಲರ ಇಂಗ್ಲಿಷ್ ಓಡುವ ದಾರಿಯೇ ಬೇರೆ ಅಲ್ವಾ. ಅದನ್ನು ಕೇಳಿ ಚಾಚಾ ಹಳೆಯ ಜಡ್ಜ್‌ಮೆಂಟುಗಳನ್ನು ತೆಗೆದರು. ಐವತ್ತು ಪದಕ್ಕೊಂದು ಪೆನ್ಸಿಲ್ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಹದಿನೈದು ಸೆಕೆಂಡ್, ಅಂದರೆ ನಿಮಿಷಕ್ಕೆ 200. ಒಂದು ಕಣ್ಣು ಕಾಗದದ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟು ದಿನಾ ಸಂಜೆ ಆರಕ್ಕೆ ಓದುತ್ತಿದ್ದರು. ವಕಾಲತ್ನಾಮಾ, ಪಂಚನಾಮೆ, ಲಿಂಗಸುಗೂರು, ಇಂಥವೆಲ್ಲ ಪ್ಲೋವರಿನ ಡಿಕ್ಷನರಿಯಲ್ಲಿ ಇರಲಿಲ್ಲ. ಅವರು ಓದಿದ ಹಾಗೆ ಒಂದೊಂದೇ ಸೇರಿಸುತ್ತಾ ಹೋದೆ.

ರಂಜಾನ್ ಬಂದಾಗ ಬೇಡ ಅಂದೆ. ಆ ಹೊತ್ತಿಗೆ ಇಡೀ ದಿನದ ರೋಜಾ, ಬಾಯಲ್ಲಿ ನೀರಿನ ಪಸೆ ಇರೋದಿಲ್ಲ. “ಓದ್ತೀನಿ ಬಿಡಮ್ಮಾ, ನಾಲಿಗಿಗೆ ಕೆಲಸ ಇರ್ಲಿ” ಅಂದರು. ‘ಪ್ರಿಪಾಂಡರೆನ್ಸ್ ಆಫ್ ಪ್ರಾಬಬಿಲಿಟೀಸ್’ ಅನ್ನುವಲ್ಲಿ ಒಣಗಿದ ನಾಲಿಗೆ ತಡವರಿಸಿತು. ನಿಲ್ಲಿಸಿದರು, ತುಟಿ ಒರೆಸಿಕೊಂಡರು, ವಾಚನ್ನು ಸೊನ್ನೆಗೆ ತಂದು ಮೊದಲಿನಿಂದ ಮತ್ತೆ ಓದಿದರು. ಐದು ನಿಮಿಷ, ಸಾವಿರ ಪದ. ನೂರಕ್ಕೆ 95 ಸರಿ ಇರಬೇಕು ಅಂದರೆ ಐವತ್ತು ತಪ್ಪಿನ ಒಳಗೆ ಬರಬೇಕು. ಅವತ್ತು ನನ್ನದು 43. ಹೊರಗೆ ಆಜಾನ್ ಕೇಳಿಸಿತು. ಚಾಚಾ ಖರ್ಜೂರ ಬಾಯಿಗಿಡುವ ಮೊದಲು ನನ್ನ ಮಗಳ ಕೈಗೆ ಒಂದು ಕೊಟ್ಟರು.

ಶುಕ್ರವಾರ ಮಧ್ಯಾಹ್ನ ಒಬ್ಬ ವಕೀಲರು ಅದೇ ‘ಪ್ರಿಪಾಂಡರೆನ್ಸ್’ ಮಾತು ಆಡಿದರು. ಕೈ ತಾನಾಗಿ ಒತ್ತಿತು, ಕಿವಿಯಲ್ಲಿ ಇದ್ದದ್ದು ಚಾಚಾರ ದನಿ.

ಈಗ ಎರಡನೇ ಕೆಲಸ ಬಂದಿದೆ, ಮುಂದಿನ ತಿಂಗಳು. ನಮ್ಮ ಮನೆಯವರು ರಜೆ ಹಾಕಿ ಮಗಳನ್ನು ನೋಡಿಕೊಳ್ಳುತ್ತಾರೆ. ಬಂದ ದುಡ್ಡಿನಲ್ಲಿ ಹೊಸ ಕೀಬೋರ್ಡ್ ತಗೊಂಡೆ, ಹಳೆಯದು ಸುಮ್ನೆ ಬಿದ್ದಿದೆ. ರಾಯಚೂರಿನಲ್ಲಿ ಯಾರಾದರೂ ಕಲಿಯುವವರಿದ್ದರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ. ಚಾಚಾರನ್ನೂ ಕೇಳಿದ್ದೇನೆ. ಆರು ಗಂಟೆಗೆ ಬಂದರೆ ಓದಿ ಹೇಳುತ್ತಾರಂತೆ.