ದೊಡ್ಡತ್ತೆಯ ಒಳ್ಳೆ ಫೋಟೋ ಕೇಳಿದ್ದೀಯಲ್ಲ ಪುಟ್ಟಿ

ಪುಟ್ಟಿ,

ವರ್ಷದ ಕಾರ್ಯಕ್ಕೆ ಒಂದು ವಿಡಿಯೋ ಮಾಡ್ತೀನಿ, ದೊಡ್ಡತ್ತೆಯ ಒಳ್ಳೆ ಫೋಟೋ ಇದ್ದರೆ ಕಳಿಸಿ ಅಂತ ಫ್ಯಾಮಿಲಿ ಗ್ರೂಪ್‌ನಲ್ಲಿ ಹಾಕಿದ್ದೀಯ. ಎಲ್ಲರೂ ಕಳಿಸ್ತಾ ಇದ್ದಾರೆ, ನೋಡಿದೆ. ಎಲ್ಲದರಲ್ಲೂ ರೇಷ್ಮೆ ಸೀರೆ, ಯಾರದೋ ಮದುವೆ, ಬಿಗಿದುಕೊಂಡು ನಿಂತ ಅಕ್ಕ. ಇವನ್ನೇ ಜೋಡಿಸಿ ಹಿಂದೆ ಒಂದು ಕೊಳಲು ಹಾಕಿಬಿಟ್ಟರೆ, ನೋಡಿದವರು ಪಾಪ ಸಾಧು ಹೆಂಗಸು ಅಂದುಕೊಂಡು ಊಟಕ್ಕೆ ಹೋಗುತ್ತಾರೆ. ನಮ್ಮಕ್ಕ ಸಾಧುವಾ? ಸಿಟಿ ಬಸ್ಸಿನಲ್ಲಿ ನಾಲ್ಕಾಣೆ ಚಿಲ್ಲರೆ ವಾಪಸ್ ಬರಲಿಲ್ಲ ಅಂತ, ತನ್ನ ಸ್ಟಾಪ್ ದಾಟಿದರೂ ಇಳಿಯದೆ, ಮುಂದಿನ ಸ್ಟಾಪ್‌ವರೆಗೂ ಜಗಳ ಆಡಿ, ಇಸ್ಕೊಂಡು, ಅಲ್ಲಿಂದ ನಡೆದು ಮನೆಗೆ ಬಂದವಳು.

ಅವಳು ಎಚ್‌ಎಂಟಿಯಲ್ಲಿದ್ದಳು ಅಂತ ನಿನಗೆ ಗೊತ್ತು, ಆದರೆ ಏನು ಮಾಡ್ತಿದ್ದಳು ಅಂತ ನೀನು ಕೇಳಿಲ್ಲ ಅನ್ಸುತ್ತೆ. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಜಾಲಹಳ್ಳಿಯಲ್ಲಿ ವಾಚ್ ಮಾಡಲು ಶುರು ಮಾಡಿದರು. ಅಕ್ಕ ಸೇರಿದ್ದು ಎಪ್ಪತ್ತರ ದಶಕದಲ್ಲಿ, ಜೋಡಣೆ ಕೆಲಸಕ್ಕೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಹಿಡಿದು ಕೂರಿಸೋದು. ಜನತಾ ವಾಚಿನೊಳಗೆ 17 ಹರಳು ಇರುತ್ತವೆ, ಚಕ್ರದ ಅಚ್ಚು ತಿರುಗುವಾಗ ಸವೆಯಬಾರದು ಅಂತ ಹಾಕುವ ಪುಟ್ಟ ಕೆಂಪು ಕಲ್ಲುಗಳು. ಮದುವೆಮನೆಯಲ್ಲಿ ಯಾರಾದರೂ "ಅಲ್ವೇ, ಸಂಬಳ ಬರುತ್ತೆ, ಮೈಮೇಲೆ ಒಂದು ಹರಳಿಲ್ಲವಲ್ಲೇ" ಅಂದರೆ "ದಿನಾ ಮುಟ್ಟಿ ಮುಟ್ಟಿ ಸಾಕಾಗಿದೆ ಬಿಡಿ" ಅನ್ನುತ್ತಿದ್ದಳು. ಆ ಸಂಬಳದಲ್ಲೇ ನಾನು ಓದಿದ್ದು. ಅದನ್ನ ಅವಳು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಬೇರೆ ಎಲ್ಲಾ ಹೇಳುತ್ತಿದ್ದಳು!

2016ರಲ್ಲಿ ವಾಚ್ ಕಂಪನಿ ಮುಚ್ಚೋದು ಅಂತ ಸರ್ಕಾರ ತೀರ್ಮಾನ ಮಾಡಿದಾಗ ಅವಳು ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆದರೂ ಅವತ್ತು ಅವಳ ಹತ್ತಿರ ಮಾತಾಡೋಕೆ ನಮಗ್ಯಾರಿಗೂ ಧೈರ್ಯ ಬರಲಿಲ್ಲ. ಆಮೇಲೆ 2019ರಲ್ಲಿ ಅಲ್ಲೇ ಎಚ್‌ಎಂಟಿ ಮ್ಯೂಸಿಯಂ ಆಯಿತಲ್ಲ, ಕರೆದುಕೊಂಡು ಹೋಗಿದ್ದೆ. ಗಾಜಿನ ಹಿಂದೆ ಇಟ್ಟಿದ್ದ ವಾಚುಗಳನ್ನ ತೋರಿಸಿ "ಇವಕ್ಕೆ ದಿನಾ ಕೀ ಕೊಡೋರು ಯಾರಪ್ಪಾ?" ಅಂತ ಅಲ್ಲಿದ್ದ ಹುಡುಗನನ್ನ ಕೇಳಿದಳು. ಅವನು ತಮಾಷೆ ಅಂದುಕೊಂಡು ನಕ್ಕ. ಅವಳು ನಗಲಿಲ್ಲ.

ನಿನ್ನ ವಿಡಿಯೋದಲ್ಲಿ ಇಂಥದ್ದು ಬರಬೇಕು ನೋಡು. ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ. ಇಲ್ಲೇ ಮಲ್ಲೇಶ್ವರದಲ್ಲಿ, ಕಾಡು ಮಲ್ಲೇಶ್ವರನ ಹತ್ತಿರವೂ ಪರಿಷೆ ಶುರುವಾದ ಮೇಲೂ ಬಸವನಗುಡಿಗೇ ಹೋಗಬೇಕು ಅಂತ ಹಟ. ಹೋಗಿ, ಸುಲಿದು ರುಚಿ ನೋಡಿ, ಇದು ಕಹಿ ಅದು ಜೊಳ್ಳು ಅಂತ ಮೂರು ಅಂಗಡಿ ದಾಟುವಷ್ಟರಲ್ಲಿ ಅರ್ಧ ಹೊಟ್ಟೆ ತುಂಬಿರುತ್ತಿತ್ತು.

ಮುಖ್ಯವಾದ ವಿಷಯ ಈಗ. ಬೀರುವಿನಲ್ಲಿ ಅವಳ ಆಲ್ಬಂ ಸಿಕ್ಕಿದೆ. ಫ್ಯಾಕ್ಟರಿ ದಿನಗಳ ಕಪ್ಪು-ಬಿಳುಪು ಫೋಟೋಗಳು ಇವತ್ತಿಗೂ ಚೆನ್ನಾಗಿವೆ. ನೀನು ಹುಟ್ಟುವ ಮುಂಚಿನ ಕಲರ್ ಫೋಟೋಗಳೇ ಕೆಂಪಗಾಗಿ ಹಾಳಾಗಿರೋದು. ಕಪ್ಪು-ಬಿಳುಪಿನಲ್ಲಿ ಚಿತ್ರ ಬೆಳ್ಳಿಯದ್ದು, ಕಲರಿನಲ್ಲಿ ಬರೀ ಬಣ್ಣ, ಅದು ಮಾಸುತ್ತದೆ. ಅದರ ಮೇಲೆ ಅವು ಅಂಟು ಹಾಳೆಯ ಆಲ್ಬಂನಲ್ಲಿವೆ. ಗೋಂದು ಹಳದಿಯಾಗಿ ಹಿಡಿದುಬಿಟ್ಟಿದೆ. ನೀನು ಅವಸರದವಳು, ಕೀಳಬೇಡ. ಮೊದಲು ಹಾಳೆ ಸಮೇತ ಸ್ಕ್ಯಾನ್ ಮಾಡು. ಆಮೇಲೆ ಹಲ್ಲಿನ ಸಂದಿಗೆ ಹಾಕುವ ದಾರವನ್ನ ಫೋಟೋ ಅಡಿಗೆ ತೂರಿಸಿ ಮೆಲ್ಲಗೆ ಆಚೀಚೆ ಎಳೆದರೆ ಬಿಡುತ್ತದಂತೆ. ಬರದಿದ್ದರೆ ಹಾಗೇ ಇರಲಿ. ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡ, ಮುಂದಕ್ಕೆ ಒತ್ತು ಬೀಳುತ್ತದೆ. ಮೆತ್ತನೆ ಪೆನ್ಸಿಲ್ ಸಾಕು.

ಬರೆಯೋಕೆ ಹೆಸರು ಬೇಕಲ್ಲ, ಕಷ್ಟ ಅದೇ. ಫ್ಯಾಕ್ಟರಿ ಕ್ಯಾಂಟೀನ್ ಮುಂದೆ ಒಂದಿಷ್ಟು ಹುಡುಗಿಯರು ಸಾಲಾಗಿ ನಿಂತಿದ್ದಾರೆ, ಅಕ್ಕ ಬಾಯಿ ತುಂಬಾ ನಗ್ತಾ ಇದ್ದಾಳೆ. ಅಷ್ಟು ನಗು ಮನೆಯ ಒಂದು ಫೋಟೋದಲ್ಲೂ ಇಲ್ಲ. ಪಕ್ಕದಲ್ಲಿರೋರು ಯಾರು, ನನಗೆ ಗೊತ್ತಿಲ್ಲ. ಗೊತ್ತಿರೋರು ಮತ್ತೀಕೆರೆಯ ಅವಳ ಗೆಳತಿ ಒಬ್ಬರೇ, ಅವರಿಗೂ ವಯಸ್ಸಾಯಿತು. ಶನಿವಾರ ಬರ್ತೀನಿ ಅಂದಿದ್ದಾರೆ.

ನೀನೂ ಬಂದುಬಿಡು. ಅಕ್ಕ ನಿನಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳಲ್ಲ, ಊಟ ಆಯ್ತೇನೇ ಅನ್ನುವ ವಾಯ್ಸ್ ಮೆಸೇಜುಗಳು, ಅವನ್ನ ಫೋನ್ ಬದಲಾಯಿಸುವ ಮುಂಚೆ ಬೇರೆ ಕಡೆ ಕಾಪಿ ಮಾಡಿ ತಾ, ಅವರಿಗೂ ಕೇಳಿಸೋಣ. ಅವರಿಗೆ ಕಾಫಿ ಸ್ಟ್ರಾಂಗ್ ಇರಬೇಕು, ಸಕ್ಕರೆ ಬೇಡ. ರೆಕಾರ್ಡಿಂಗ್ ಆನ್ ಮಾಡೋದನ್ನ ಕಾಫಿ ಕೊಡುವ ಮುಂಚೆಯೇ ಕೇಳಿಬಿಡು, ಆಮೇಲೆ ಅವರ ಮಾತಿನ ನಡುವೆ ನಿನಗೆ ಸಂದಿ ಸಿಗಲ್ಲ.

ಅಪ್ಪ